ಹುಬ್ಬುಗಂಟು ಬಿಡಿಸಿದ ವಿಷ

ಮೂರು ನಾಲ್ಕು ತಿಂಗಳಿಗೊಮ್ಮೆ ನಾನು ವಿಷ ತೆಗೆದುಕೊಳ್ಳುತ್ತೇನೆ. ಓದುಗರು ಗಾಬರಿಯಾಗಬೇಕಾದ್ದಿಲ್ಲ. ಯಾರೂ ನನಗೆ ಅದನ್ನು ಮೋಸದಿಂದ ಉಣಿಸುವುದಿಲ್ಲ. ನಾನೇ ಆಸ್ಪತ್ರೆಗೆ ಹೋಗಿ, ಸರದಿಯಲ್ಲಿ ಕುಳಿತು, ಹಣ ತೆತ್ತು, ಕಣ್ಣಿನ ಸುತ್ತ ಚುಚ್ಚಿಸಿಕೊಂಡು, ವೈದ್ಯರಿಗೆ ನಮಸ್ಕಾರ ಹೇಳಿ ಮನೆಗೆ ಬರುತ್ತೇನೆ. ಮನುಷ್ಯನಿಗೆ ಗೊತ್ತಿರುವ ಅತಿ ಘೋರವಾದ ವಿಷಗಳಲ್ಲಿ ಅದು ಒಂದು. ಅದರ ದಯೆಯಿಂದಲೇ ಇಂದು ಈ ಲೇಖನವನ್ನು ಕಣ್ಣು ತೆರೆದುಕೊಂಡು ಬರೆಯುತ್ತಿದ್ದೇನೆ.

ಏಳು ವರ್ಷಗಳ ಹಿಂದೆ ನನ್ನ ರೆಪ್ಪೆಗಳು ತಮ್ಮಷ್ಟಕ್ಕೆ ತಾವು ಮುಚ್ಚಿಕೊಳ್ಳತೊಡಗಿದವು. ಮೊದಮೊದಲು ಬಿಸಿಲಿಗೆ ಹೋದಾಗ ಮಾತ್ರ. ಆಮೇಲೆ ದೀಪದ ಮುಂದೆ. ಕೊನೆಗೆ ರಸ್ತೆ ದಾಟುವಾಗ ನಟ್ಟನಡುವೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸದ ಪಾಠ ಹೇಳಿ ನಿವೃತ್ತನಾದವನಿಗೆ ಓದುವುದೊಂದೇ ಉಳಿದಿದ್ದ ಸುಖ. ಒಂದು ಕೈಯಲ್ಲಿ ಪತ್ರಿಕೆ, ಇನ್ನೊಂದು ಕೈಯ ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದು ಓದುವ ಸ್ಥಿತಿ ಬಂತು. ಒಬ್ಬ ವೈದ್ಯರು ಹನಿ ಕೊಟ್ಟರು. ಇನ್ನೊಬ್ಬರು, “ಇದೆಲ್ಲ ಮನಸ್ಸಿನದು, ಚಿಂತೆ ಬಿಡಿ” ಎಂದರು. ಮೂರನೆಯವರು ಇದು ರೆಪ್ಪೆಯ ಸ್ನಾಯುವಿನ ಸೆಳೆತ, ಹೆಸರು ಬ್ಲೆಫರೋಸ್ಪಾಸಂ ಎಂದು ಹೇಳಿ ಬೊಟುಲಿನಂ ಟಾಕ್ಸಿನ್ ಇಂಜೆಕ್ಷನ್ ಕೊಟ್ಟರು. ನಾಲ್ಕನೆಯ ದಿನ ಬೆಳಿಗ್ಗೆ ಎರಡೂ ಕೈಯಲ್ಲಿ ಪತ್ರಿಕೆ ಹಿಡಿದು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ.

ಈ ಕಥೆ ನನ್ನೊಳಗೇ ಇರುತ್ತಿತ್ತು. ಆದರೆ ಹೋದ ವರ್ಷ ನನ್ನ ತಂಗಿಯ ಮಗಳು ಮನೆಗೆ ಬಂದು, “ಮಾವ, ನಿಮ್ಮ ಕಣ್ಣಿಗೆ ಕೊಡ್ತಾರಲ್ಲ, ಅದೇ ಇಂಜೆಕ್ಷನ್ ಹಣೆಗೆ ಹಾಕಿಸ್ಕೋಬೇಕು ಅಂತಿದೀನಿ. ಏನೇನಾಗುತ್ತೆ ಹೇಳಿ” ಎಂದಳು. ಅವಳು ಬ್ಯಾಂಕಿನ ನೌಕರಿಯಲ್ಲಿದ್ದಾಳೆ, ವಯಸ್ಸು ನಲವತ್ಮೂರು. ಎರಡು ಹುಬ್ಬುಗಳ ನಡುವೆ ಎರಡು ನೇರ ಗೆರೆಗಳು, ನಾಮ ಎಳೆದ ಹಾಗೆ. ಕೌಂಟರಿಗೆ ಬಂದವರೆಲ್ಲ, “ಯಾಕೆ ಮೇಡಂ ಕೋಪ?” ಎಂದು ಕೇಳುತ್ತಾರಂತೆ. ಕೋಪ ಅವಳ ಸ್ವಭಾವದಲ್ಲೇ ಇಲ್ಲ.

ಅವಳ ಹಿಂದೆಯೇ ತಂಗಿಯ ಫೋನು ಬಂತು. “ಅಣ್ಣ, ನೀನಾದರೂ ಹೇಳು. ವಿಷ ಚುಚ್ಚಿಸಿಕೊಳ್ಳುವಂಥದ್ದು ಏನಾಗಿದೆ ಅವಳಿಗೆ? ಅದು ಅವರ ಗೆರೆ.” ಅವರ ಎಂದರೆ ನನ್ನ ಭಾವನವರ. ಅವರು ತೀರಿಕೊಂಡು ಆರು ವರ್ಷವಾಯಿತು. ಅವರ ಹಣೆಯಲ್ಲೂ ಅದೇ ಜಾಗದಲ್ಲಿ ಅದೇ ಎರಡು ಗೆರೆಗಳಿದ್ದವು.

ತಾಯಿಗೂ ಮಗಳಿಗೂ ನ್ಯಾಯ ಹೇಳುವ ಮೊದಲು ವಿಷಯ ತಿಳಿದುಕೊಳ್ಳೋಣವೆಂದು ಕುಳಿತೆ. ಇತಿಹಾಸದ ಮೇಷ್ಟರ ಚಾಳಿ. ಯಾವುದನ್ನು ಕೇಳಿದರೂ ಇನ್ನೂರು ವರ್ಷ ಹಿಂದಕ್ಕೆ ಹೋಗದೆ ಉತ್ತರ ಬರುವುದಿಲ್ಲ.

ಕಥೆ ಆರಂಭವಾಗುವುದು ಜರ್ಮನಿಯ ನೈರುತ್ಯದ ವುರ್ಟೆಂಬರ್ಗ್ ಸೀಮೆಯ ಅಡುಗೆಮನೆಗಳಲ್ಲಿ. ಅಲ್ಲಿಯ ಜನ ಹಂದಿಯ ಮಾಂಸವನ್ನೂ ರಕ್ತವನ್ನೂ ಕರುಳಿನ ಚೀಲಕ್ಕೆ ತುಂಬಿ, ಹೊಗೆಗೆ ಕಟ್ಟಿ, ಚಳಿಗಾಲಕ್ಕೆಂದು ಕಾದಿರಿಸುತ್ತಿದ್ದರು. ಇದೇ ಸಾಸೇಜು. ಕೆಲವು ಸಲ ಅದನ್ನು ತಿಂದವರಿಗೆ ಕಣ್ಣು ಮಂಜಾಗಿ, ರೆಪ್ಪೆ ಜೋತು, ಬಾಯಿ ಒಣಗಿ, ಗಂಟಲಿನಲ್ಲಿ ತುತ್ತು ಇಳಿಯದೆ, ಕೊನೆಗೆ ಉಸಿರು ನಿಲ್ಲುತ್ತಿತ್ತು. 1793ರಲ್ಲಿ ವಿಲ್ಡ್‌ಬಾಡ್ ಎಂಬ ಊರಿನಲ್ಲಿ ಹೀಗೆ ಹದಿಮೂರು ಜನ ಹಾಸಿಗೆ ಹಿಡಿದರು. ಆರು ಮಂದಿ ಸತ್ತರು. ಆ ಬಳಿಕ ನೆಪೋಲಿಯನ್ನನ ಯುದ್ಧಗಳು ತಂದ ಬಡತನದಲ್ಲಿ ಇಂತಹ ಸಾವುಗಳು ಹೆಚ್ಚಿದವು.

ಇದನ್ನು ಲೆಕ್ಕ ಹಾಕಲು ಹೊರಟವನು ಯೂಸ್ಟಿನಸ್ ಕೆರ್ನರ್. ವೃತ್ತಿಯಿಂದ ಸರಕಾರಿ ವೈದ್ಯ, ಪ್ರವೃತ್ತಿಯಿಂದ ಕವಿ. ಅವನ ಕವಿತೆಗಳಿಗೆ ಶೂಮನ್ನನಂಥ ಸಂಗೀತಗಾರ ರಾಗ ಕೂಡಿಸಿದ್ದಾನೆ. ಕೆರ್ನರ್ 1820ರಲ್ಲಿ 76 ರೋಗಿಗಳ ವಿವರಗಳನ್ನೂ, 1822ರಲ್ಲಿ 155 ರೋಗಿಗಳ ವಿವರಗಳನ್ನೂ ಪ್ರಕಟಿಸಿದ. ಕೆಟ್ಟ ಸಾಸೇಜಿನಿಂದ ಸಾರ ತೆಗೆದು ಪ್ರಾಣಿಗಳಿಗೆ ಕೊಟ್ಟು ನೋಡಿದ. ಅದು ಸಾಲದೆಂದು ತನ್ನ ನಾಲಗೆಯ ಮೇಲೂ ಹಾಕಿಕೊಂಡು ನೋಡಿದ. ವಿಷವು ನರಗಳಿಂದ ಸ್ನಾಯುಗಳಿಗೆ ಹೋಗುವ ಆಜ್ಞೆಯನ್ನು ತಡೆಯುತ್ತದೆ, ಬುದ್ಧಿಯನ್ನು ಮಾತ್ರ ಮುಟ್ಟುವುದಿಲ್ಲ ಎಂಬುದನ್ನು ಸರಿಯಾಗಿ ಕಂಡುಕೊಂಡ. ಗಾಳಿ ಇಲ್ಲದ ಕಡೆಯಲ್ಲೇ ಅದು ಹುಟ್ಟುತ್ತದೆ ಎಂಬುದೂ ಅವನಿಗೆ ಹೊಳೆದಿತ್ತು. ವಿಷ ಒಂದು ಬಗೆಯ ಕೊಬ್ಬಿನ ಆಮ್ಲವೆಂದು ನಂಬಿದ್ದು ಮಾತ್ರ ತಪ್ಪು.

ಕೆರ್ನರನ ಹೆಚ್ಚುಗಾರಿಕೆ ಇದಕ್ಕಿಂತ ಮುಂದಿನದು. ಈ ವಿಷವನ್ನೇ ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟರೆ, ಮೈಯ ಅಂಗಗಳು ಹತೋಟಿ ಮೀರಿ ಕುಣಿಯುವ ರೋಗಗಳಿಗೆ ಅದೇ ಮದ್ದಾಗಬಹುದು ಎಂದು ಅವನು ಬರೆದ. ನಮ್ಮ ಆಯುರ್ವೇದದ ವೈದ್ಯರು ವತ್ಸನಾಭಿಯನ್ನು ಶುದ್ಧಿ ಮಾಡಿ ಗುಳಿಗೆಗೆ ಹಾಕುತ್ತಾರೆ. ಅತಿಯಾದರೆ ಅಮೃತವೂ ವಿಷವೆಂಬ ಗಾದೆಯನ್ನು ಮಗುಚಿ ಹಾಕುವ ಈ ಯೋಚನೆ ನಮಗೆ ಹೊಸದಲ್ಲ. ಆದರೆ ಕೆರ್ನರನ ಬಳಿ ಅಳೆಯುವ ತಕ್ಕಡಿ ಇರಲಿಲ್ಲ. ಅವನ ಮಾತು ನೂರೈವತ್ತು ವರ್ಷ ಪುಸ್ತಕದಲ್ಲೇ ಉಳಿಯಿತು.

1895ರ ಡಿಸೆಂಬರಿನಲ್ಲಿ ಬೆಲ್ಜಿಯಂ ದೇಶದ ಎಲ್ಲೆಝೆಲ್ ಎಂಬ ಹಳ್ಳಿಯಲ್ಲಿ ಒಂದು ಶವಸಂಸ್ಕಾರ ನಡೆಯಿತು. ವಾದ್ಯ ನುಡಿಸಲು ಬಂದಿದ್ದವರು ಊಟಕ್ಕೆ ಕುಳಿತು ಉಪ್ಪು ಹಾಕಿ ಇಟ್ಟಿದ್ದ ಹಂದಿಯ ತೊಡೆಯ ಮಾಂಸ ತಿಂದರು. ಹಲವರಿಗೆ ಅದೇ ಲಕ್ಷಣಗಳು, ಮೂವರು ಸತ್ತರು. ಗೆಂಟ್ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಎಮಿಲ್ ವಾನ್ ಎರ್ಮೆಂಗೆಮ್, ಸತ್ತವನ ದೇಹದಿಂದಲೂ ಉಳಿದಿದ್ದ ಮಾಂಸದಿಂದಲೂ ಒಂದೇ ಜೀವಾಣುವನ್ನು ಬೇರ್ಪಡಿಸಿ 1897ರಲ್ಲಿ ಪ್ರಕಟಿಸಿದರು. ಲ್ಯಾಟಿನ್ ಭಾಷೆಯಲ್ಲಿ ‘ಬೊಟುಲಸ್’ ಎಂದರೆ ಸಾಸೇಜು. ಆ ಮಾತಿನಿಂದ ಜೀವಾಣುವಿಗೆ ಹೆಸರಾಯಿತು. ಇಂದು ನಗರದ ಹೆಂಗಸರೂ ಗಂಡಸರೂ ಸೌಂದರ್ಯಕ್ಕೆಂದು ಹೇಳುವ ಬೊಟಾಕ್ಸ್ ಎಂಬ ಹೆಸರಿನ ಮೂಲ ಕಸಾಯಿಯವನ ಅಂಗಡಿಯಲ್ಲಿದೆ ಎಂಬುದು ಸೋಜಿಗವೇ ಸರಿ.

ಆಮೇಲೆ ವಿಷ ಯುದ್ಧದವರ ಕೈಗೆ ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಮೇರಿಲ್ಯಾಂಡಿನ ಡೆಟ್ರಿಕ್ ಶಿಬಿರದಲ್ಲಿ ಇದನ್ನು ಅಸ್ತ್ರವೆಂದೂ ಅಸ್ತ್ರಕ್ಕೆ ಪ್ರತ್ಯಸ್ತ್ರ ಬೇಕೆಂದೂ ಅಧ್ಯಯನ ಮಾಡಿದರು. 1946ರಲ್ಲಿ ‘ಎ’ ಬಗೆಯ ವಿಷ ಹರಳಿನ ರೂಪದಲ್ಲಿ ಶುದ್ಧವಾಗಿ ಕೈಗೆ ಸಿಕ್ಕಿತು. 1949ರಲ್ಲಿ ಲಂಡನ್ನಿನಲ್ಲಿ ಆರ್ನಲ್ಡ್ ಬರ್ಗನ್ ಮತ್ತು ಸಂಗಡಿಗರು ಅದು ಕೆಲಸ ಮಾಡುವ ಬಗೆಯನ್ನು ತೋರಿಸಿದರು. ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಸವಿದೆ; ಅದು ಹೊರಬಿದ್ದು ಸ್ನಾಯುವನ್ನು ಮುಟ್ಟಿದರೆ ಸ್ನಾಯು ಸಂಕುಚಿಸುತ್ತದೆ. ವಿಷ ಆ ರಸವನ್ನು ಹೊರಬೀಳಗೊಡುವುದಿಲ್ಲ. ಕಾಗದ ಬರೆದಾಗಿದೆ, ಲಕೋಟೆಗೆ ಹಾಕಿಯೂ ಆಗಿದೆ, ಅಂಚೆಯವನು ಹೊರಡದಂತೆ ಬಾಗಿಲಿಗೆ ಚಿಲಕ ಬಿದ್ದಿದೆ; ಅಷ್ಟೆ. ರಸವನ್ನು ಹೊರಬಿಡುವ ಒಂದು ಪ್ರೋಟೀನನ್ನೇ ಈ ವಿಷ ಕತ್ತರಿಸುತ್ತದೆ ಎಂಬುದು 1990ರ ದಶಕದಲ್ಲಿ ಗೊತ್ತಾಯಿತು.

ಡೆಟ್ರಿಕ್‌ನಲ್ಲಿ ವಿಷ ಶುದ್ಧಿ ಮಾಡಿದವರಲ್ಲಿ ಎಡ್ವರ್ಡ್ ಶಾಂಟ್ಸ್ ಒಬ್ಬರು. ಸಾನ್‌ಫ್ರಾನ್ಸಿಸ್ಕೋದ ನೇತ್ರವೈದ್ಯ ಆಲನ್ ಸ್ಕಾಟ್ ಅವರಿಂದ ವಿಷ ಪಡೆದರು. ಮೆಳ್ಳಗಣ್ಣನ್ನು ಕತ್ತಿ ಹಾಕದೆ ಸರಿಪಡಿಸಬಹುದೆ ಎಂಬುದು ಸ್ಕಾಟರ ಪ್ರಶ್ನೆ. ಕಣ್ಣನ್ನು ಒಂದು ಕಡೆಗೆ ಎಳೆಯುವ ಸ್ನಾಯುವನ್ನು ಸ್ವಲ್ಪ ಸಡಿಲಿಸಿದರೆ ಸಾಕಲ್ಲವೆ? 1973ರಲ್ಲಿ ಕೋತಿಗಳ ಮೇಲಿನ ಪ್ರಯೋಗವನ್ನೂ, 1980ರಲ್ಲಿ ಮನುಷ್ಯರ ಮೇಲಿನ ಫಲಿತಾಂಶವನ್ನೂ ಪ್ರಕಟಿಸಿದರು. ಕೊಲ್ಲುವ ವಿಷವನ್ನು ಕಣ್ಣಿನ ಪಕ್ಕಕ್ಕೆ ಚುಚ್ಚುವ ಧೈರ್ಯ ಅವರಿಗೆ ಬಂದದ್ದು ಅಳತೆಯಿಂದ. 1989ರಲ್ಲಿ ಅಮೆರಿಕದ ಸರಕಾರ ಮೆಳ್ಳಗಣ್ಣಿಗೂ ರೆಪ್ಪೆಯ ಸೆಳೆತಕ್ಕೂ ಇದನ್ನು ಔಷಧಿಯೆಂದು ಒಪ್ಪಿತು. ಕೆರ್ನರನ ಮಾತು ನಿಜವಾಯಿತು. ನನ್ನ ಪಾಲಿಗೆ ಆ ವರ್ಷ ದೊಡ್ಡ ವರ್ಷ. ಆಗ ನನಗೆ ಗೊತ್ತಿರಲಿಲ್ಲ, ಅಷ್ಟೆ.

ಹಾಗಾದರೆ ಸುಕ್ಕು ಎಲ್ಲಿ ಬಂತು? ನನ್ನಂಥವಳೇ ಒಬ್ಬ ರೋಗಿಯಿಂದ. 1987ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಜೀನ್ ಕರದರ್ಸ್ ಎಂಬ ನೇತ್ರವೈದ್ಯೆ ರೆಪ್ಪೆಯ ಸೆಳೆತವಿದ್ದ ಹೆಂಗಸೊಬ್ಬಳಿಗೆ ಈ ಇಂಜೆಕ್ಷನ್ ಕೊಡುತ್ತಿದ್ದರು. ಒಂದು ದಿನ ಆ ಹೆಂಗಸು, ಈ ಸಲ ಹುಬ್ಬಿನ ನಡುವೆ ಯಾಕೆ ಚುಚ್ಚಲಿಲ್ಲ ಎಂದು ತಕರಾರು ತೆಗೆದಳು. ಅಲ್ಲಿ ಸೆಳೆತವಿಲ್ಲವಲ್ಲ ಎಂದರೆ, ಅಲ್ಲಿ ಚುಚ್ಚಿದಾಗಲೆಲ್ಲ ತನ್ನ ಮುಖ ಪ್ರಶಾಂತವಾಗಿ ಕಾಣುತ್ತದೆ ಎಂದಳಂತೆ. ಜೀನ್ ಅವರ ಪತಿ ಆಲಸ್ಟೇರ್ ಚರ್ಮವೈದ್ಯರು. ಹುಬ್ಬುಗಂಟಿನ ಗೆರೆಗಳನ್ನು ಏನು ಮಾಡಿದರೂ ಅಳಿಸಲಾಗದೆ ಬೇಸತ್ತಿದ್ದವರು. ಗಂಡಹೆಂಡಿರ ಮಾತುಕತೆಯಲ್ಲಿ ಎರಡು ಶಾಸ್ತ್ರಗಳು ಕೂಡಿದವು. ತಮ್ಮ ಚಿಕಿತ್ಸಾಲಯದ ಸ್ವಾಗತಕಾರಿಣಿಗೆ ಚುಚ್ಚಿ ನೋಡಿದರು. ಜೀನ್ ತಾವೂ ಚುಚ್ಚಿಸಿಕೊಂಡರು. ವಿಷವೆಂದು ಹೆದರಿ ಆರಂಭದಲ್ಲಿ ಯಾರೂ ಮುಂದೆ ಬರಲಿಲ್ಲ. 1992ರಲ್ಲಿ ಅವರು ಪ್ರಕಟಿಸಿದ ಮೊದಲ ಲೇಖನದಲ್ಲಿದ್ದವರು 18 ಮಂದಿ. 2002ರ ಏಪ್ರಿಲಿನಲ್ಲಿ ಅಮೆರಿಕದ ಸರಕಾರ ಹುಬ್ಬುಗಂಟಿನ ಗೆರೆಗೂ ಒಪ್ಪಿಗೆ ಕೊಟ್ಟಿತು. ಆ ಮೇಲಿನದು ಎಲ್ಲರೂ ಬಲ್ಲ ಕಥೆ.

ಇಷ್ಟು ಓದಿಕೊಂಡು ನನ್ನ ಸೊಸೆಯನ್ನು — ತಂಗಿಯ ಮಗಳು ಸೊಸೆಯೇ ತಾನೆ — ಮುಂದೆ ಕೂರಿಸಿಕೊಂಡೆ. ಅವಳು ಕೇಳಿದ್ದು, ನಾನು ಹೇಳಿದ್ದು, ಅವಳ ಜೊತೆ ಹೋದಾಗ ಚರ್ಮವೈದ್ಯರು ತಿದ್ದಿದ್ದು ಎಲ್ಲ ಸೇರಿಸಿ ಇಲ್ಲಿ ಬರೆಯುತ್ತೇನೆ; ಇತರರಿಗೂ ಉಪಯೋಗಕ್ಕೆ ಬಂದೀತು.

ಮೊದಲನೆಯದಾಗಿ, ಎಲ್ಲ ಸುಕ್ಕೂ ಒಂದೇ ಅಲ್ಲ. ಹುಬ್ಬು ಗಂಟಿಕ್ಕಿದಾಗ, ಹುಬ್ಬೇರಿಸಿದಾಗ, ನಕ್ಕಾಗ ಸ್ನಾಯು ಎಳೆದು ಬೀಳುವ ಗೆರೆಗಳು ಒಂದು ಬಗೆ. ಬಿಸಿಲಿಗೂ ವಯಸ್ಸಿಗೂ ಚರ್ಮ ತೆಳುವಾಗಿ, ಮುಖ ಸುಮ್ಮನಿದ್ದಾಗಲೂ ಕಾಣುವ ಗೆರೆಗಳು ಇನ್ನೊಂದು ಬಗೆ. ಈ ಮದ್ದು ಸ್ನಾಯುವನ್ನು ಸುಮ್ಮನಿರಿಸುತ್ತದೆಯೇ ಹೊರತು ಚರ್ಮಕ್ಕೆ ಯೌವನ ಕೊಡುವುದಿಲ್ಲ. ತಗ್ಗನ್ನು ತುಂಬುವುದೂ ಇಲ್ಲ. ಮಡಿಸಿ ಮಡಿಸಿ ಗೆರೆ ಬಿದ್ದ ಬಟ್ಟೆಯನ್ನು ಮಡಿಸುವುದು ಬಿಟ್ಟರೆ ಗೆರೆ ಮೆಲ್ಲಗೆ ತಿಳಿಯಾದೀತು. ಹಳೆಯ ಗೆರೆ ಪೂರ್ತಿ ಹೋಗದೆಯೂ ಇರಬಹುದು.

ಚುಚ್ಚುವುದು ಐದು ಹತ್ತು ನಿಮಿಷದ ಕೆಲಸ. ವೈದ್ಯರು ಹುಬ್ಬು ಗಂಟಿಕ್ಕಲು ಹೇಳಿ ಸ್ನಾಯು ಎಲ್ಲಿದೆಯೆಂದು ಬೆರಳಿನಿಂದ ನೋಡುತ್ತಾರೆ. ಬಲು ಸಣ್ಣ ಸೂಜಿ. ಬೊಟಾಕ್ಸ್ ಆದರೆ ಹುಬ್ಬುಗಂಟಿಗೆ ಸಾಮಾನ್ಯವಾಗಿ ಐದು ಕಡೆ ನಾಲ್ಕು ನಾಲ್ಕು ಯೂನಿಟ್‌ನಂತೆ ಒಟ್ಟು 20 ಯೂನಿಟ್. ಇರುವೆ ಕಚ್ಚಿದಷ್ಟು ನೋವು. ಸ್ವಲ್ಪ ಹೊತ್ತು ಸೊಳ್ಳೆ ಕಚ್ಚಿದಂತೆ ಗುಳ್ಳೆ. ಆ ದಿನ ಅಲ್ಲಿ ಉಜ್ಜಬಾರದು, ನಾಲ್ಕು ಗಂಟೆ ಮಲಗಬಾರದು ಎನ್ನುತ್ತಾರೆ. ಮನೆಗೆ ಬಂದು ಕನ್ನಡಿ ನೋಡಿದರೆ ಏನೂ ಆಗಿರುವುದಿಲ್ಲ. ಎರಡು ಮೂರು ದಿನಕ್ಕೆ ಸ್ನಾಯು ಮಾತು ಕೇಳುವುದನ್ನು ಬಿಡುತ್ತಾ ಬರುತ್ತದೆ. ಪೂರ್ತಿ ಫಲ ತಿಳಿಯಲು ಹತ್ತು ಹದಿನೈದು ದಿನ ಬೇಕು. ಮೂರು ನಾಲ್ಕು ತಿಂಗಳಿಗೆ ನರದ ತುದಿ ತನ್ನ ಕೆಲಸಕ್ಕೆ ಮರಳುತ್ತದೆ, ಗೆರೆಯೂ ಮರಳುತ್ತದೆ. ಇದು ಕೊಂಡುಕೊಂಡ ಸೊತ್ತಲ್ಲ, ಬಾಡಿಗೆ ಮನೆ. ಬೇಕೆಂದರೆ ಮತ್ತೆ ಬಾಡಿಗೆ ಕೊಡಬೇಕು. ಬೇಡವೆಂದರೆ ಬಿಟ್ಟು ಬರಬಹುದು.

ತೊಂದರೆಗಳೂ ಉಂಟು. ಚುಚ್ಚಿದ ಕಡೆ ನೀಲಿಗಟ್ಟುವುದು, ಒಂದೆರಡು ದಿನ ತಲೆನೋವು, ಇವು ಸಾಮಾನ್ಯ. ಮದ್ದು ಪಕ್ಕದ ಸ್ನಾಯುವಿಗೆ ಹರಿದರೆ ಒಂದು ರೆಪ್ಪೆ ಜೋತು ಬೀಳಬಹುದು. ಕೆಲವೇ ಮಂದಿಗೆ ಆಗುವಂಥದ್ದು, ಕೆಲವು ವಾರಗಳಲ್ಲಿ ಸರಿಹೋಗುವಂಥದ್ದು. ಕಣ್ಣಿನ ಚಿಕಿತ್ಸೆಯಲ್ಲಿ ನನಗೇ ಒಮ್ಮೆ ಹಾಗಾಗಿ ಮೂರು ವಾರ ಅರೆಗಣ್ಣಿನ ತಪಸ್ವಿಯಂತೆ ಕುಳಿತಿದ್ದೆ. ಹಣೆಗೆ ಅತಿಯಾಗಿ ಹಾಕಿದರೆ ಹುಬ್ಬೇ ಇಳಿದು ಮುಖ ಬೊಂಬೆಯ ಮುಖವಾಗುತ್ತದೆ. ಬಸುರಿಯರೂ ಮೊಲೆಯೂಡಿಸುವವರೂ ಇದರ ಗೊಡವೆಗೆ ಹೋಗಬಾರದು. ಮಯಸ್ತೇನಿಯಾದಂಥ ಸ್ನಾಯು ದುರ್ಬಲವಾಗುವ ರೋಗವಿದ್ದವರೂ, ರಕ್ತ ತೆಳುಮಾಡುವ ಮಾತ್ರೆ ನುಂಗುವವರೂ ವೈದ್ಯರಿಗೆ ಮೊದಲೇ ಹೇಳಬೇಕು. ನುಂಗಲು, ಮಾತನಾಡಲು, ಉಸಿರಾಡಲು ಕಷ್ಟವೆನಿಸಿದರೆ, ಅದು ಬಲು ಅಪರೂಪವಾದರೂ, ತಡಮಾಡದೆ ಆಸ್ಪತ್ರೆಗೆ ಓಡಬೇಕು. ಇಂಥ ಎಚ್ಚರಿಕೆಯನ್ನು 2009ರಿಂದ ಅಮೆರಿಕದಲ್ಲಿ ಔಷಧಿಯ ವಿವರಪತ್ರದಲ್ಲಿ ಚೌಕಟ್ಟು ಹಾಕಿ ಮುದ್ರಿಸಬೇಕೆಂದು ಕಟ್ಟಳೆಯಾಗಿದೆ.

“ಹಾಗಾದರೆ ಅದು ವಿಷವೋ ಔಷಧಿಯೋ, ಮಾವ?” ಎಂದಳು.

ಎರಡೂ ಹೌದು, ನಡುವೆ ಇರುವುದು ಅಳತೆ ಎಂದೆ. ಯೂನಿಟ್ ಎಂಬ ಮಾತು ಕೇಳಲು ಸಾಧು. ಅದರ ಹುಟ್ಟು ಸಾಧುವಲ್ಲ. ಹೆಣ್ಣಿಲಿಗಳ ಒಂದು ಗುಂಪಿಗೆ ಕೊಟ್ಟರೆ ಅರ್ಧ ಇಲಿಗಳು ಸಾಯುವಷ್ಟು ವಿಷಕ್ಕೆ ಒಂದು ಯೂನಿಟ್ ಎಂದು ಹೆಸರು. ಇಲಿಗಳನ್ನು ಕೊಲ್ಲದೆ ಜೀವಕೋಶಗಳ ಮೇಲೆಯೇ ಪರೀಕ್ಷಿಸುವ ಕ್ರಮ 2011ರಿಂದ ಬಳಕೆಗೆ ಬಂದಿದೆ. ಮನುಷ್ಯನನ್ನು ಕೊಲ್ಲಲು ಸಾವಿರಾರು ಯೂನಿಟ್ ಬೇಕೆಂದು ಅಂದಾಜು. ಆದುದರಿಂದ ಹುಬ್ಬಿಗೆ ಹಾಕುವ ಇಪ್ಪತ್ತು ಎಲ್ಲಿಯೋ ಕೆಳಗೆ ಉಳಿಯುತ್ತದೆ. ಆದರೆ ಒಂದು ಕಂಪೆನಿಯ ಯೂನಿಟ್ ಇನ್ನೊಂದು ಕಂಪೆನಿಯದಕ್ಕೆ ಸಮವಲ್ಲ. ಸೀಸೆಯ ಮೇಲೆ ಏನು ಬರೆದಿದೆ, ಒಳಗೆ ಅದೇ ಇದೆಯೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಅಳತೆ ತಪ್ಪಿದರೆ ಏನಾಗುತ್ತದೆಂಬುದಕ್ಕೆ 2004ರ ಫ್ಲಾರಿಡಾದ ಪ್ರಸಂಗವೇ ಸಾಕ್ಷಿ. ಪ್ರಯೋಗಶಾಲೆಗೆಂದು ಮಾರುವ, ಮನುಷ್ಯರಿಗೆ ಕೊಡಲಾಗದ ವಿಷವನ್ನು ಒಬ್ಬ ವೈದ್ಯ ತನಗೂ ಇತರ ಮೂವರಿಗೂ ಸುಕ್ಕಿಗೆಂದು ಚುಚ್ಚಿದ. ನಾಲ್ವರೂ ಕೈಕಾಲು ಆಡದೆ ಉಸಿರಿನ ಯಂತ್ರದ ಆಸರೆಯಲ್ಲಿ ಬದುಕಬೇಕಾಯಿತು. ವಿಲ್ಡ್‌ಬಾಡಿನ ಸಾಸೇಜು ಇನ್ನೂರು ವರ್ಷದ ಮೇಲೆ ಸೂಜಿಯ ಮೂಲಕ ಮರಳಿ ಬಂದಿತ್ತು. 2024ರಲ್ಲಿಯೂ ಅಮೆರಿಕದ ಹಲವು ರಾಜ್ಯಗಳಲ್ಲಿ ನಕಲಿ ಮದ್ದು ಚುಚ್ಚಿಸಿಕೊಂಡವರು ಆಸ್ಪತ್ರೆ ಸೇರಿದರು. ಆದುದರಿಂದ ನಾನು ಅವಳಿಗೆ ಒಂದೇ ಷರತ್ತು ಹಾಕಿದೆ: ಬ್ಯೂಟಿ ಪಾರ್ಲರಿನಲ್ಲಿ, ಗೆಳತಿಯ ಮನೆಯಲ್ಲಿ, ರಿಯಾಯಿತಿಯ ದರದಲ್ಲಿ ಕೂಡದು. ತರಬೇತಿ ಪಡೆದ ವೈದ್ಯರು, ಕಣ್ಣೆದುರಿಗೇ ತೆರೆದ ಸೀಸೆ, ಚೀಟಿಯಲ್ಲಿ ಬರೆದುಕೊಟ್ಟ ಹೆಸರು ಮತ್ತು ಅಳತೆ. ಈ ಮೂರೂ ಇರಬೇಕು.

ಇನ್ನು ತಂಗಿಯ ಮಾತು. ಅದಕ್ಕೆ ಇತಿಹಾಸದಲ್ಲಿ ಉತ್ತರ ಸುಲಭವಾಗಿ ಸಿಗಲಿಲ್ಲ. ಫ್ರಾನ್ಸಿನ ವೈದ್ಯ ದ್ಯುಶೆನ್ 1862ರಲ್ಲಿ ಮುಖದ ಒಂದೊಂದು ಸ್ನಾಯುವಿಗೂ ವಿದ್ಯುತ್ತು ಮುಟ್ಟಿಸಿ ಫೋಟೋ ತೆಗೆಸಿ, ಹುಬ್ಬುಗಂಟಿನ ಸ್ನಾಯು ನೋವಿನ ಸ್ನಾಯು ಎಂದು ಬರೆದ. ಹತ್ತು ವರ್ಷದ ಮೇಲೆ ಡಾರ್ವಿನ್, ಅದು ಬರಿಯ ನೋವಿನದಲ್ಲ, ಮನಸ್ಸಿಗೆ ಏನೋ ತೊಡಕು ಎದುರಾದಾಗ ತಾನಾಗಿ ಬಿಗಿಯುವಂಥದು ಎಂದು ವಾದಿಸಿದ. ನನಗೆ ಡಾರ್ವಿನ್ನನ ಮಾತೇ ಸರಿಯೆನಿಸುತ್ತದೆ. ಭಾವನವರು ಕೋಪಿಷ್ಠರಾಗಿರಲಿಲ್ಲ, ಲೆಕ್ಕಪತ್ರ ನೋಡುತ್ತಾ ಸದಾ ಯಾವುದೋ ತೊಡಕು ಬಿಡಿಸುತ್ತಿದ್ದರು. ಮಗಳೂ ಹಾಗೆಯೇ. ಆ ಗೆರೆಗಳನ್ನು ಕೌಂಟರಿನ ಆಚೆಯವರು ಕೋಪವೆಂದು ಓದಿದರು, ತಾಯಿ ಗಂಡನ ನೆನಪೆಂದು ಓದಿದಳು. ಹೊರುವವಳು ಮಾತ್ರ ಮಗಳು.

“ಅವಳ ಹಣೆ ಅವಳದಮ್ಮ. ನಾನು ಕಣ್ಣಿಗೆ ಹಾಕಿಸಿಕೊಂಡರೆ ಸರಿ, ಅವಳು ಹಣೆಗೆ ಹಾಕಿಸಿಕೊಂಡರೆ ತಪ್ಪು ಅಂತ ಹೇಗೆ ಹೇಳಲಿ?” ಎಂದು ತಂಗಿಗೆ ಹೇಳಿದೆ. “ನಾಲ್ಕು ತಿಂಗಳಿಗೆ ಎಲ್ಲ ಮೊದಲಿನ ಹಾಗೇ ಆಗುತ್ತೆ” ಎಂದೂ ಸೇರಿಸಿದೆ. ಅವಳು ಏನೂ ಹೇಳದೆ ಫೋನು ಇಟ್ಟಳು.

ಸೊಸೆ ಚುಚ್ಚಿಸಿಕೊಂಡಳು. ಒಂದು ಕಡೆ ಕಡಲೆಕಾಳಿನಷ್ಟು ನೀಲಿಗಟ್ಟಿತು; ವಾರದಲ್ಲಿ ಹೋಯಿತು. ಹನ್ನೆರಡನೆಯ ದಿನ ನೋಡಿದೆ. ಅವಳು ಹತ್ತು ವರ್ಷ ಚಿಕ್ಕವಳಾಗಿರಲಿಲ್ಲ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಎದ್ದವಳಂತೆ ಕಂಡಳು. ಗೆರೆಗಳ ಗುರುತು ಪೆನ್ಸಿಲಿನಲ್ಲಿ ಎಳೆದು ಅಳಿಸಿದಷ್ಟು ಉಳಿದಿತ್ತು. ಕೌಂಟರಿನಲ್ಲಿ ಕೋಪದ ಮಾತು ನಿಂತಿತಂತೆ. “ಏನೋ ಯೋಚನೆ ಮಾಡುವಾಗ ಹಣೆ ಬರೋದೇ ಇಲ್ಲ ಮಾವ, ಅದೊಂದು ಥರಾ ಇದೆ” ಎಂದಳು.

ಐದನೆಯ ತಿಂಗಳು ಭಾವನವರ ಶ್ರಾದ್ಧ. ಊಟ ಮುಗಿದು ಬಡಿಸಿದವರ ಲೆಕ್ಕ ಬರೆಯುತ್ತಾ ಸೊಸೆ ಜಗಲಿಯಲ್ಲಿ ಕುಳಿತಿದ್ದಳು. ಹುಬ್ಬಿನ ನಡುವೆ ಎರಡು ಗೆರೆಗಳು ತಿಳಿಯಾಗಿ ಮೂಡಿದ್ದವು. ತಂಗಿ ಅದನ್ನು ನೋಡಿದಳು, ನಾನು ನೋಡಿದ್ದನ್ನೂ ನೋಡಿದಳು. “ಮತ್ತೆ ಹಾಕಿಸ್ಕೋತೀಯೇನೆ?” ಎಂದು ಮಗಳನ್ನು ಕೇಳಿದಳು, ದನಿಯಲ್ಲಿ ಕೋಪವಿರಲಿಲ್ಲ.

“ನೋಡೋಣಮ್ಮ” ಎಂದಳು ಸೊಸೆ, ಲೆಕ್ಕದಿಂದ ತಲೆಯೆತ್ತದೆ.

ನನ್ನ ಸರದಿ ಮುಂದಿನ ಮಂಗಳವಾರ. ಎರಡು ದಿನದಿಂದ ಬಲಗಣ್ಣು ಮತ್ತೆ ಅದುರುತ್ತಿದೆ.